ಆ ಕೈ ಯಾಕೆ ತಿರುಗುತ್ತಿದೆ?

ಕಾರ್ಯಕ್ರಮ ಮುಗಿದಿದ್ದು ಭಾನುವಾರ. ಇವತ್ತು ಶುಕ್ರವಾರ. ಆ ಒಂದು ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ.

"ಅಮ್ಮನ ಕೈ ಯಾಕೆ ತಿರುಗುತ್ತಿದೆ?"

ಕೇಳಿದವರು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಿಂದ ಬಂದ, ಕೊರಾ ಎಂಬ ತಂತಿವಾದ್ಯದ ವಾದಕರು. ಜಯನಗರದ ಒಂದು ಮನೆಯ ಮಹಡಿಯಲ್ಲಿ, ಪ್ರಾಕ್ಟೀಸಿನ ಎರಡನೇ ದಿನ. ಹಾಡುತ್ತಿದ್ದವರು ನಾವು 26 ಜನ. ಬ್ಯಾಂಕಿನಿಂದ ರಿಟೈರ್ ಆದವರು, ಸಾಫ್ಟ್‌ವೇರ್ ಹುಡುಗರು, ನನ್ನಂಥ ಟೀಚರ್‌ಗಳು. ಬಡಾವಣೆಯ ಗಾಯನ ಬಳಗ ಅಂದರೆ ಅಷ್ಟೇ ಅಲ್ವಾ?

ಹಾಡು ರಾಗಿ ಬೀಸುವ ಪದ. ಬಳಗಕ್ಕೆ ಅದನ್ನು ಕಲಿಸಿದವರು ನಮ್ಮೆಲ್ಲರಿಗಿಂತ ಹಿರಿಯರು, ಮಾಗಡಿ ಕಡೆಯವರು. ಎಲ್ಲರಿಗೂ ಅವರು ಅಮ್ಮ. ನಮ್ಮ ಮೇಷ್ಟ್ರು ಆ ಪದಕ್ಕೆ ಎರಡು ದನಿಯ ಹಾರ್ಮನಿ ಸೇರಿಸಿದರು, ಸಾಲುಗಳ ನಡುವೆ ಚಪ್ಪಾಳೆ ಹಾಕಿಸಿದರು, ನಾಲ್ಕೇ ನುಡಿ ಉಳಿಸಿ ಐದು ನಿಮಿಷಕ್ಕೆ ಕೂರಿಸಿದರು. ಮೇಷ್ಟ್ರು ಒಳ್ಳೆಯವರು, ಕಿವಿ ಬಹಳ ಚುರುಕು. ಆದರೆ ಸ್ಟೇಜಿನ ಶಿಸ್ತು ಅವರಿಗೆ ಹಾಡಿಗಿಂತ ಒಂದು ತೂಕ ಜಾಸ್ತಿ.

ಅಮ್ಮ ಹಾಡುವಾಗ ಬಲಗೈ ತೊಡೆಯ ಮೇಲೆ ಸುತ್ತುತ್ತದೆ. ಮುಷ್ಟಿ ಸಡಿಲ, ಏನನ್ನೋ ಹಿಡಿದ ಹಾಗೆ. "ಕೈ ಅಲ್ಲಾಡಿಸಬೇಡಿ ಅಮ್ಮ, ನೋಡೋರಿಗೆ ಚೆನ್ನಾಗಿ ಕಾಣಲ್ಲ" ಎಂದು ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ಪಕ್ಕದ ಕುರ್ಚಿ ನನ್ನದು. ನಾನೂ ಒಂದು ದಿನ ಮೆಲ್ಲಗೆ ಆ ಕೈ ಹಿಡಿದು ನಿಲ್ಲಿಸಿದ್ದೆ.

ಕೊರಾ ನೋಡಿದಾಗ ನನಗೆ ತಂಬೂರಿ ನೆನಪಾಯಿತು. ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಸೀಳಿ, ಅದರ ಬಾಯಿಗೆ ಹಸುವಿನ ಚರ್ಮ ಬಿಗಿದಿರುತ್ತಾರೆ. 21 ತಂತಿ. ಎಡಗೈಗೆ 11, ಬಲಗೈಗೆ 10. ಎರಡು ಹೆಬ್ಬೆರಳು, ಎರಡು ತೋರುಬೆರಳು, ನುಡಿಸುವುದು ಅಷ್ಟರಲ್ಲೇ. ಅವರ ಕಡೆ ಇದು ಮನೆತನದ ಕಸುಬು. ಆ ಮನೆತನದವರನ್ನು ಜಾಲಿ ಎನ್ನುತ್ತಾರೆ. ಊರಿನ ವಂಶಾವಳಿ, ಹಿಂದಿನವರ ಕಥೆ ಎಲ್ಲ ಅವರ ಬಾಯಲ್ಲೇ ಇರುತ್ತದೆ. ಇದನ್ನು ಕೇಳಿದ್ದೇ ತಡ, "ನಮ್ ಹೆಳವರು ಇದ್ದಂಗೆ ಕಣಮ್ಮ" ಅಂದರು ಅಮ್ಮ. ಮನೆ ಮುಂದೆ ಎತ್ತು ನಿಲ್ಲಿಸಿ ಮುತ್ತಾತನ ಹೆಸರು ಹೇಳುವ ಹೆಳವರ ಬಗ್ಗೆ ನಾನು ಪುಸ್ತಕದಲ್ಲಿ ಓದಿದ್ದೆ. ಅಮ್ಮ ತಮ್ಮ ಬಾಗಿಲಲ್ಲೇ ನೋಡಿದ್ದರು.

ಅಷ್ಟೂ ತಂತಿಗಳ ಶ್ರುತಿ ಬದಲಿಸುವುದು ಸುಲಭವಲ್ಲ. ಹಾಗಾಗಿ ನಾವೇ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಐದರ ಶ್ರುತಿಯಿಂದ ಬಿಳಿ ನಾಲ್ಕಕ್ಕೆ ಇಳಿದೆವು. ಕೆಲವರು ಮುಖ ಗಂಟು ಹಾಕಿಕೊಂಡರು. ಅಮ್ಮನ ಗಂಟಲಿಗೆ ಮಾತ್ರ ಹಿತವಾಯಿತು.

ಎರಡನೇ ನುಡಿಯ ಮಧ್ಯೆ ಆ ವಾದಕರು ತಂತಿಗಳ ಮೇಲೆ ಕೈ ಇಟ್ಟು ನಿಲ್ಲಿಸಿಬಿಟ್ಟರು. ಇಂಗ್ಲಿಷಿನಲ್ಲಿ ಆ ಪ್ರಶ್ನೆ ಕೇಳಿದರು. ಮೇಷ್ಟ್ರಿಗೆ ಮುಜುಗರ. "ಸಾರಿ, ಸ್ಟೇಜಿನಲ್ಲಿ ಹೀಗಾಗಲ್ಲ" ಅಂದರು. ಕೊರಾದವರು ತಲೆ ಅಲ್ಲಾಡಿಸಿದರು. "ನಿಲ್ಲಿಸಬೇಡಿ. ಆ ಕೈ ಏನು ಮಾಡುತ್ತಿದೆ, ಹೇಳಿ."

ನಾನು ಅಮ್ಮನಿಗೆ ಕನ್ನಡದಲ್ಲಿ ಕೇಳಿದೆ. ಅಮ್ಮ ನಕ್ಕುಬಿಟ್ಟರು. "ಇನ್ನೇನು, ಬೀಸ್ತಾ ಐತೆ."

ಆಮೇಲೆ ಕುರ್ಚಿ ಬಿಟ್ಟು ನೆಲಕ್ಕೆ ಇಳಿದರು. ಒಂದು ಕಾಲು ಚಾಚಿದರು. ಬಲಗೈ ಇಲ್ಲದ ಬೀಸುಕಲ್ಲಿನ ಗೂಟ ಹಿಡಿದು ಸುತ್ತತೊಡಗಿತು. ಒಂದು ಸಾಲಿಗೆ ಎರಡು ಸುತ್ತು. ಸಾಲು ಮುಗಿಯುತ್ತಲೇ ಎಡಗೈ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಸುರಿಯುತ್ತದೆ. ಉಸಿರು ತೆಗೆದುಕೊಳ್ಳುವುದು ಆಗ. ನಾವು ಚಪ್ಪಾಳೆ ತುರುಕಿದ್ದು ಸರಿಯಾಗಿ ಆ ಜಾಗದಲ್ಲಿ.

ಕೊರಾದವರು ಅಮ್ಮನ ಎದುರಿಗೆ ನೆಲದ ಮೇಲೆ ಕೂತರು. ಬೀಸುವಾಗ ಎದುರಿಗೆ ಇನ್ನೊಬ್ಬಳು ಕೂರುತ್ತಾಳಲ್ಲ, ಹಾಗೆ. ಕೈ ಒಂದು ಸುತ್ತು ಬಂದಾಗಲೆಲ್ಲ ಒಂದು ದಪ್ಪ ತಂತಿ ಮೀಟಿದರು. ಅಷ್ಟೇ ಮಾಡಿದ್ದು. ಮಹಡಿಯಲ್ಲಿ ಯಾರೂ ಮಾತಾಡಲಿಲ್ಲ. "ಚಪ್ಪಾಳೆ ಬೇಡ" ಎಂದು ಮೇಷ್ಟ್ರೇ ಹೇಳಿದರು. ಅದಕ್ಕೆ ಅವರ ಮೇಲೆ ನನಗಿದ್ದ ಗೌರವ ಹೆಚ್ಚಾಯಿತು.

ಮೂರು ವರ್ಷದಿಂದ ಆ ಕೈಯ ಪಕ್ಕದಲ್ಲೇ ಕೂತಿದ್ದವಳು ನಾನು. ನಾನು ಕೇಳಲಿಲ್ಲ. ಹಿಡಿದು ನಿಲ್ಲಿಸಿದೆ. ಕನ್ನಡದ ಒಂದಕ್ಷರ ಬಾರದವರು ಎರಡೇ ದಿನದಲ್ಲಿ ಕೇಳಿದರು. ಈ ವಾರವಿಡೀ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಹೋಗುವಾಗ ಇದೇ ಚುಚ್ಚುತ್ತಿದೆ. ರಾಜ್ಯೋತ್ಸವಕ್ಕೆ ಒಂದೇ ಬಣ್ಣದ ಸೀರೆ ಉಟ್ಟು ಎಷ್ಟು ಜಾನಪದ ಹಾಡಿದ್ದೇವೆ! ನಾಟಿ ಹಾಕುವ ಪದ, ಕುಟ್ಟುವ ಪದ, ಬೀಸುವ ಪದ. ಧಾಟಿ ಇಟ್ಟುಕೊಂಡು ಕೆಲಸ ಕಳಚಿಬಿಟ್ಟಿದ್ದೇವೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಕೂತ ಹೆಂಗಸು ಈ ಪದದಲ್ಲಿ ಕಲ್ಲನ್ನೇ ತಾಯಿ ಅಂತ ಕರೆಯುತ್ತಾಳೆ. ಮನೆಯಲ್ಲಿ ಆಗ ಎದ್ದಿರುವವರು ಬೇರೆ ಯಾರಿರುತ್ತಾರೆ? ಆ ದುಡಿಮೆ ವಾಪಸ್ ಬರಲಿ ಎಂದು ನಾನು ಹೇಳುತ್ತಿಲ್ಲ. "ಮಿಲ್ಲು ಬಂದ ದಿನ ಕೈ ಮುಗಿದೆ" ಅನ್ನುತ್ತಾರೆ ಅಮ್ಮ. ಆದರೆ ಕಲ್ಲು ಹೋದ ಮೇಲೂ ಆ ಕೈ ಪದವನ್ನು ಹಿಡಿದುಕೊಂಡಿತ್ತು. ನಾವು ಅದನ್ನೂ ಬಿಡಿಸಲು ಹೊರಟಿದ್ದೆವು.

ಭಾನುವಾರ ಚೌಡಯ್ಯ ಹಾಲ್. "ಇದ್ಯಾಕಮ್ಮ ಪಿಟೀಲು ಥರ ಕಟ್ಟವ್ರೆ?" ಎಂದು ಅಮ್ಮ ಗೇಟಿನಲ್ಲೇ ನಿಂತರು. ಏಳು ತಂತಿ ಕಟ್ಟಿ ಪಿಟೀಲು ನುಡಿಸಿದ ಚೌಡಯ್ಯನವರ ನೆನಪಿಗೆ ಎಂದೆ. "ಏಳಾ? ಇವರದು ಇಪ್ಪತ್ತೊಂದು" ಎಂದು ನಕ್ಕರು. ನಿರೂಪಕರು ಪ್ರಾಯೋಜಕರ ಹೆಸರೆಲ್ಲ ಓದಿ ಅಮ್ಮನ ಹೆಸರು ಬಿಟ್ಟರು. ನನಗೆ ಇನ್ನೂ ಸಿಟ್ಟಿದೆ.

ಸ್ಟೇಜಿನ ಮಧ್ಯೆ ಚಾಪೆ. ಅಮ್ಮ, ಎದುರಿಗೆ ಕೊರಾ, ಹಿಂದೆ ನಾವು. ನಾಲ್ಕನೇ ನುಡಿ ಮುಗಿಯಿತು. ಮೇಷ್ಟ್ರು ಮುಗಿಸಲು ಕೈ ಎತ್ತಿದರು. ಅಮ್ಮನ ಕೈ ನಿಲ್ಲಲಿಲ್ಲ. ನಮಗೆ ಯಾರಿಗೂ ಗೊತ್ತಿಲ್ಲದ ಐದನೇ ನುಡಿ ಶುರುವಾಯಿತು. ದಪ್ಪ ತಂತಿ ಅದರ ಜೊತೆಗೇ ಹೋಯಿತು. ಮೇಷ್ಟ್ರು ಕೈ ಇಳಿಸಿದರು. ನಾವು 25 ಜನ ಸುಮ್ನೆ ನಿಂತು ಕೇಳಿದೆವು.

ವಾಪಸ್ ಬರುವಾಗ ಆಟೋದಲ್ಲಿ ಕೇಳಿದೆ. "ಇನ್ನೂ ಎಷ್ಟು ನುಡಿ ಇದೆ ಅಮ್ಮ?"

"ರಾಗಿ ಎಷ್ಟಿರ್ತಿತ್ತೋ ಅಷ್ಟು."

ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಹನ್ನೊಂದು ನುಡಿ ಬರೆದುಕೊಂಡು ಬಂದಿದ್ದೇನೆ. ನಾಳೆ ಮತ್ತೆ ಹೋಗಬೇಕು.