ಹಳದಿ ಪುಸ್ತಕದಲ್ಲಿ ಬರೆಯದೇ ಇದ್ದದ್ದು

ಕೊಲಂಬಸ್, ಒಹಾಯೊ
16 ನವೆಂಬರ್ 2024, ಶನಿವಾರ

ಬೆಳಿಗ್ಗೆ ತಿಂಡಿ ಮುಗಿಸಿ ಕೂತಿದ್ದೆ. ಪಕ್ಕದ ಮನೆ ತಾತ ಒಂದು ಬಿಸ್ಕತ್ ಡಬ್ಬ ಹಿಡಿದುಕೊಂಡು ಬಂದರು. ನನ್ನ ಮಕ್ಕಳು ಅವರನ್ನು ತಾತ ಅಂತಲೇ ಕರೆಯುವುದು, ಅವರಿಗೂ ಅದೇ ರೂಢಿಯಾಗಿದೆ. ಡಬ್ಬದ ತುಂಬ ಇದ್ದದ್ದು ಅವರ ಸೈನ್ಯದ ಕಾಗದಗಳು. ಎಲ್ಲದರ ಮೇಲೆ ಅಂಗೈಯಗಲದ ಒಂದು ಹಳದಿ ಪುಸ್ತಕ. ಲಸಿಕೆಗಳ ದಾಖಲೆ.

ಪುಟ ತಿರುವಿದೆ. 1967. ಟೈಫಾಯ್ಡ್, ಧನುರ್ವಾಯು, ಕಾಲರಾ, ಹಳದಿ ಜ್ವರ. ತಾರೀಖು ಇದೆ, ಸೀಲ್ ಇದೆ, ಸಹಿ ಇದೆ. ಯಾವುದರಿಂದ ಚುಚ್ಚಿದರು ಅನ್ನೋದು ಮಾತ್ರ ಎಲ್ಲೂ ಇಲ್ಲ. ತಾತನಿಗೆ ಬೇಕಾಗಿರುವುದು ಅದೊಂದೇ.

1998ರಲ್ಲಿ ರಕ್ತದಾನಕ್ಕೆ ಹೋದಾಗ ಅವರಿಗೆ ಹೆಪಟೈಟಿಸ್ ಸಿ, ಅಂದರೆ ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು, ಇರುವುದು ಗೊತ್ತಾಯಿತು. 2015ರಲ್ಲಿ ಹೊಸ ಮಾತ್ರೆಗಳನ್ನು 12 ವಾರ ನುಂಗಿದರು, ವೈರಸ್ ಹೋಯಿತು. ಅಷ್ಟು ಹೊತ್ತಿಗೆ ಲಿವರ್ ಗಟ್ಟಿಯಾಗಿಬಿಟ್ಟಿತ್ತು. ಸೋಂಕು ಸೇವೆಯಲ್ಲಿದ್ದಾಗ ತಗಲಿದ್ದು ಅಂತ ಸರ್ಕಾರ ಒಪ್ಪಿದರೆ ಪರಿಹಾರ ಸಿಗುತ್ತದೆ. ಅದಕ್ಕೇ ಈ ಅರ್ಜಿ. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ಬರೆಯೋಕೆ ಸಹಾಯ ಮಾಡು ಅಂದರು.

ಆ ದಿನ ಏನಾಯಿತು ಹೇಳಿ ಅಂದೆ. ಫೋರ್ಟ್ ನಾಕ್ಸ್, ಸೈನ್ಯದ ತರಬೇತಿ ಶಿಬಿರ. ಅಂಗಿ ಬಿಚ್ಚಿದ ಹುಡುಗರ ಉದ್ದ ಸಾಲು. ಎರಡೂ ಕಡೆ ಒಬ್ಬೊಬ್ಬರು ಲಸಿಕೆ ಹಾಕುವ ಜೆಟ್ ಗನ್ ಹಿಡಿದು ನಿಂತಿದ್ದಾರೆ. ಅದರಲ್ಲಿ ಸೂಜಿಯೇ ಇಲ್ಲ. ಔಷಧಿ ಒತ್ತಡಕ್ಕೆ ಚಿಮ್ಮಿ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಗಂಟೆಗೆ ನೂರಾರು ಜನಕ್ಕೆ ಹಾಕಬಹುದು. ಅಲ್ಲಾಡಬೇಡಿ ಅಂತ ಸಾರ್ಜೆಂಟ್ ಕೂಗುತ್ತಲೇ ಇದ್ದರಂತೆ, ಅಲ್ಲಾಡಿದರೆ ಬ್ಲೇಡಿನ ಹಾಗೆ ಸೀಳುತ್ತದೆ. ತಾತನ ಮುಂದಿದ್ದ ಹುಡುಗ ಅಲ್ಲಾಡಿದ. ತೋಳಿನಿಂದ ರಕ್ತ ಮೊಣಕೈವರೆಗೆ ಇಳಿಯಿತು. ಅದೇ ಗನ್ನಿನ ಮೂತಿ ಮರುಕ್ಷಣ ತಾತನ ತೋಳಿಗೆ ಬಂತು.

"ಒರೆಸಿದರಾ?" ಅಂತ ಕೇಳಿದೆ.

"ನೆನಪಿಲ್ಲ. ನಾನು ಅವನ ತೋಳನ್ನೇ ನೋಡ್ತಾ ಇದ್ದೆ."

ಲ್ಯಾಬಿನಲ್ಲಿ ಒಂದು ಸೂಜಿ ಒಬ್ಬರಿಗೇ. ಮುಗಿದ ತಕ್ಷಣ ಕೆಂಪು ಡಬ್ಬಕ್ಕೆ ಹಾಕುತ್ತೇನೆ, ಯೋಚನೆ ಕೂಡ ಮಾಡೋದಿಲ್ಲ. ಚಿಕ್ಕವಳಿದ್ದಾಗ ನಮ್ಮೂರ ಶಾಲೆಗೆ ಬರುತ್ತಿದ್ದ ಕಾಂಪೌಂಡರ್ ಗಾಜಿನ ಸಿರಿಂಜನ್ನು ಸ್ಟೌ ಮೇಲೆ ಕುದಿಸುತ್ತಿದ್ದದ್ದು ನೆನಪಾಯಿತು. ಓಡುವ ಸಾಲಿನ ಮುಂದೆ ಗನ್ನನ್ನು ಯಾರು ಕುದಿಸುತ್ತಾರೆ?

ಲಸಿಕೆಯ ಮೇಲೆ ನನಗೆ ದೂರಿಲ್ಲ. ಆಫ್ರಿಕಾದಲ್ಲಿ ಸಿಡುಬು ಓಡಿಸಿದ್ದರಲ್ಲಿ ಇಂಥ ಗನ್ನಿನ ಪಾಲೂ ಇದೆ. ಆದರೆ ಸೈನ್ಯಕ್ಕೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು ಅಲ್ವಾ? 1942ರಲ್ಲಿ ಅಮೆರಿಕದ ಸೈನಿಕರಿಗೆ ಹಾಕಿದ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ ಸೀರಮ್ ಬೆರೆಸಿದ್ದರು. ಅದರಲ್ಲಿ ಹೆಪಟೈಟಿಸ್ ಬಿ ಇತ್ತು, ಅದೂ ಲಿವರಿಗೆ ತಗಲುವ ಇನ್ನೊಂದು ವೈರಸ್. ಕಾಮಾಲೆಯಾಗಿ ಮಲಗಿದವರೇ ಸುಮಾರು 50 ಸಾವಿರ. ಸೋಂಕು ತಗಲಿದವರು 3 ಲಕ್ಷ 30 ಸಾವಿರದಷ್ಟು ಇರಬಹುದು ಅಂತ ಎಷ್ಟೋ ವರ್ಷದ ಮೇಲೆ ಅಂದಾಜು ಮಾಡಿದರು. ಒಬ್ಬರ ರಕ್ತ ಇನ್ನೊಬ್ಬರೊಳಗೆ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಜೆಟ್ ಗನ್ನಿನಿಂದಲೇ ಹೆಪಟೈಟಿಸ್ ಬಿ ಹರಡಿದ್ದು ತನಿಖೆಯಲ್ಲಿ ಹೊರಬಂತು. ಸೈನ್ಯ ಒಂದೇ ಮೂತಿಯನ್ನು ಎಲ್ಲರಿಗೂ ಒತ್ತುವ ಗನ್ನುಗಳನ್ನು ಬಿಟ್ಟದ್ದು 1997ರಲ್ಲಿ.

ಹೆಪಟೈಟಿಸ್ ಸಿ ಕಥೆ ಬೇರೆ. ಆ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಮೈಯಲ್ಲಿ ಕೂತಿರುತ್ತದೆ. 2004ರ ಜೂನ್‌ನಲ್ಲಿ ಮಾಜಿ ಸೈನಿಕರ ಇಲಾಖೆ ತನ್ನ ಕಚೇರಿಗಳಿಗೆ ಒಂದು ಪತ್ರ ಕಳಿಸಿತ್ತು. ಜಾಸ್ತಿ ಜನಕ್ಕೆ ಈ ಸೋಂಕು ಬಂದಿರುವುದು 1992ಕ್ಕೆ ಮುಂಚೆ ರಕ್ತ ಹಾಕಿಸಿಕೊಂಡಿದ್ದರಿಂದ, ಇಲ್ಲವೇ ಡ್ರಗ್ಸ್ ಚುಚ್ಚಿಕೊಂಡಿದ್ದರಿಂದ. ಗನ್ನಿನಿಂದ ಹರಡಿದ್ದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ, ಆದರೆ ಹರಡುವುದು ಸಾಧ್ಯ, ಅಂತ ಅದರ ಸಾರ. ಈ "ಸಾಧ್ಯ" ಅನ್ನುವ ಮಾತನ್ನು ಹಿಡಿದುಕೊಂಡೇ ಸಾವಿರಾರು ಮೈಲಿ ದೂರದ ಮುದುಕರು ಅರ್ಜಿ ಬರೆಯುತ್ತಿದ್ದಾರೆ. ವೈರಸ್‌ಗೆ ಹೆಸರೇ ಇಲ್ಲದ ಕಾಲದಲ್ಲಿ ಪುರಾವೆ ಯಾರು ಎತ್ತಿಡುತ್ತಿದ್ದರು? ನನಗೆ ಸಂಕಟವಾಗುವುದು ಇಲ್ಲೇ. ಸಾಲಿನಲ್ಲಿ ನಿಲ್ಲು ಅಂದಾಗ ನಿಂತ ಹತ್ತೊಂಬತ್ತರ ಹುಡುಗನನ್ನು, ಎಪ್ಪತ್ತಾರನೇ ವಯಸ್ಸಿನಲ್ಲಿ ನೀನೇ ಸಾಕ್ಷಿ ತಾ ಅನ್ನುವುದು.

ಡ್ರಗ್ಸ್ ತಗೊಂಡಿದ್ದಿರಾ ಅನ್ನುವ ಪ್ರಶ್ನೆಯನ್ನು ನಾನೂ ಕೇಳಲೇಬೇಕಿತ್ತು. ಕೇಳಿದೆ. ತಾತ ಕಿಟಕಿ ಕಡೆ ತಿರುಗಿ ಇಲ್ಲ ಅಂದರು. ಹಚ್ಚೆ ಇಲ್ಲ. ರಕ್ತ ಹಾಕಿಸಿಕೊಂಡಿಲ್ಲ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ರೇಜರ್ ಮಾತ್ರ ಒಬ್ಬರದ್ದೊಬ್ಬರು ಬಳಸ್ತಿದ್ವಿ. ಅದನ್ನ ಬರೆದರೆ ಅರ್ಜಿ ಬಿದ್ದು ಹೋಗುತ್ತಾ?" ಅಂದರು.

ಬರೆಯೋಣ ಅಂದೆ. ಆ ರೇಜರ್ ಇದ್ದದ್ದೂ ಬ್ಯಾರಕ್‌ನಲ್ಲೇ ತಾನೆ. ನಿಜವನ್ನು ಬಿಟ್ಟು ಬರೆದ ಕಾಗದಕ್ಕೆ ನನ್ನ ಕೈ ಸೇರಿಸುವುದು ನನಗಿಷ್ಟವಿರಲಿಲ್ಲ. ಎರಡೂ ಕಡೆ ತಕ್ಕಡಿ ಸಮ ತೂಗಿದರೆ ತೀರ್ಪು ಸೈನಿಕನ ಪರ ಅನ್ನುವ ನಿಯಮ ಇದೆ. ಅದನ್ನೂ ಓದಿ ಹೇಳಿದೆ. ತಲೆ ಆಡಿಸಿದರು.

ಮೂರು ಪುಟ ಆಯಿತು. ಊಟಕ್ಕೆ ಇಲ್ಲೇ ಇರಿ ಅಂದೆ. ಅನ್ನ, ತಿಳಿಸಾರು. ಲಿವರಿಗೆ ಉಪ್ಪು ಆಗದು ಅಂತ ಅವರಿಗೆ ಬೇರೆ ಮಾಡಿದ್ದೆ.

ಇನ್ನು ಬೇಕಿರುವುದು ಅವತ್ತು ಅದೇ ಸಾಲಿನಲ್ಲಿದ್ದ ಯಾರಾದರೊಬ್ಬರ ಸಾಕ್ಷಿ ಪತ್ರ. ರಕ್ತ ಸುರಿದ ಆ ಹುಡುಗನ ಬಿಸಿಲಿಗೆ ಕೆಂಪಾದ ಕತ್ತು ತಾತನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ, ಹೆಸರು ಬಾಯಿಗೆ ಬರುತ್ತಿಲ್ಲ. ನೆನಪಿರುವ ಏಳು ಹೆಸರು ಬರೆದುಕೊಂಡು ಬಂದಿದ್ದರು. ನಾಲ್ಕು ಹೆಸರಿನ ಮೇಲೆ ಆಗಲೇ ಗೆರೆ ಎಳೆದಿದ್ದಾರೆ. ಐದನೆಯವರ ನಂಬರ್ ಸಿಕ್ಕಿದೆಯಂತೆ. ನಾಳೆ ಮಧ್ಯಾಹ್ನ ಫೋನ್ ಮಾಡ್ತೀನಿ, ಪಕ್ಕದಲ್ಲಿ ಕೂತಿರು ಅಂದಿದ್ದಾರೆ.