ಮೂರು ಪಾಸ್‌ಬುಕ್ ಸಾಕು, ನಾಲ್ಕನೆಯದು ತೋಟಕ್ಕೆ

ಲೆಕ್ಕಪತ್ರ ಬರೆಯುವುದೇ ನನ್ನ ಹೊಟ್ಟೆಪಾಡು ಎಂದು ಗೊತ್ತಾದ ಮೇಲೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಪಕ್ಕದವರು ಕೇಳುವುದು ಒಂದೇ ಪ್ರಶ್ನೆ: "ಮನೆ ದುಡ್ಡು ನೋಡ್ಕೊಳ್ಳೋಕೆ ಎಷ್ಟು ಅಕೌಂಟ್ ಇಟ್ಕೊಂಡ್ರೆ ಸರಿ?" ಹೀಗೆ ಕೇಳುವವರ ಬೀರುವಿನಲ್ಲಿ ಆಗಲೇ ಐದಾರು ಪಾಸ್‌ಬುಕ್ ಇರುತ್ತವೆ ಎನ್ನುವುದು ಬೇರೆ ಮಾತು.

ಚಿಕ್ಕಮಗಳೂರಿನಲ್ಲಿ ಕೂತು ನಾನು ಕೊಡುವ ಉತ್ತರ: ಸಂಬಳದ ಮನೆಗೆ ಎರಡು. ತೋಟದ ಮನೆಗೆ ಮೂರು (ವರ್ಷದ್ದು, ಮನೆ ಖರ್ಚಿನದು, ಫೋನಿನದು), ತೋಟಕ್ಕೇ ಪ್ರತ್ಯೇಕವಾಗಿ ಇನ್ನೊಂದು. ಮನೆಗೆ ದುಡ್ಡು ಯಾವಾಗ ಬರುತ್ತದೆ ಎಂದು ಕೇಳದೆ ಖಾತೆಯ ಲೆಕ್ಕ ಹೇಳುವುದಕ್ಕೆ ಆಗುವುದಿಲ್ಲ.

ಸಂಬಳದವರದ್ದು ಬೇಗ ಮುಗಿಯುತ್ತದೆ. ಸಂಬಳ ಬರುವ ಖಾತೆ ಒಂದು. ಸಾಲದ ಕಂತು, ವಿಮೆ, ಆರ್‌ಡಿ ಎಲ್ಲ ಅಲ್ಲಿಂದಲೇ ಕಡಿತವಾಗಲಿ. ತಿಂಗಳ ಮೊದಲ ವಾರ ಮನೆ ಖರ್ಚಿನ ಮೊತ್ತವನ್ನು ಎರಡನೆಯದಕ್ಕೆ ಹಾಕಿಬಿಡಿ, ಫೋನ್‌ಪೇ, ಗೂಗಲ್‌ಪೇ ಅದರ ಮೇಲೆ ಮಾತ್ರ ಇರಲಿ. ಹಾಸನದ ಕಡೆ ಡೈರಿಗೆ ಹಾಲು ಹಾಕುವ ಮನೆಗಳಿಗೂ ಇಷ್ಟೇ ಸಾಕು. ಅಲ್ಲಿ ದುಡ್ಡು ಬಿಡಿಬಿಡಿಯಾಗಿ, ಆದರೆ ತಪ್ಪದೆ ಬರುತ್ತದೆ.

ಕಾಫಿಯವರ ಪಾಡೇ ಬೇರೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೋಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್. ಮೆಣಸೂ ಅದೇ ಸುಮಾರಿಗೆ. ವರ್ಷದ ದುಡ್ಡೆಲ್ಲ ಮೂರ್ನಾಲ್ಕು ತಿಂಗಳಲ್ಲಿ ಬಂದು ಬೀಳುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ವಾರವಾರ ಆಳುಗಳ ಕೂಲಿ ಬಟವಾಡೆ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಮುಂಗಾರಿಗೆ ಮುಂಚೆ ಗೊಬ್ಬರ ಮತ್ತು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಅದೇ ಹೊತ್ತಿಗೆ ಮಕ್ಕಳ ಶಾಲೆ ಫೀಸು. ಇದೆಲ್ಲ ಒಂದೇ ಖಾತೆಯಲ್ಲಿ ಕಲಸಿಕೊಂಡಿದ್ದರೆ ತೋಟ ಮನೆಯನ್ನು ಸಾಕುತ್ತಿದೆಯೋ, ಮನೆ ತೋಟವನ್ನು ಸಾಕುತ್ತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಬೆಲೆ ಏರಿದ ವರ್ಷಗಳಲ್ಲಂತೂ ಮಾರ್ಚ್ ತಿಂಗಳ ಬ್ಯಾಲೆನ್ಸ್ ನೋಡಿ ಎಲ್ಲರೂ ಸಾಹುಕಾರರೇ. ಕಾರು ಬುಕ್ ಆಗುವುದು ಆಗಲೇ. ಸೆಪ್ಟೆಂಬರಿನಲ್ಲಿ ಬಟವಾಡೆಗೆ ಕೈಸಾಲ.

ಹಾಗಾಗಿ ನಾನು ಹೇಳುವ ಕ್ರಮ ಹೀಗಿದೆ. ಕಾಫಿ, ಮೆಣಸು ಮಾರಿದ ದುಡ್ಡು ಮೊದಲು ತೋಟದ ಖಾತೆಗೆ ಬರಲಿ. ಬೆಳೆಸಾಲ ಅಲ್ಲೇ ತೀರಲಿ. ಮುಂದಿನ ಕೊಯ್ಲಿನವರೆಗಿನ ಬಟವಾಡೆ, ಗೊಬ್ಬರ, ಔಷಧಿಗೆ ಬೇಕಾದದ್ದನ್ನು ಅಂದಾಜು ಮಾಡಿ ಅಲ್ಲೇ ಬಿಡಿ. ಮಿಕ್ಕಿದ್ದು ಮಾತ್ರ ವರ್ಷದ ಖಾತೆಗೆ ಹೋಗಲಿ. ಈ ವರ್ಷದ ಖಾತೆ ಕೆರೆ ಇದ್ದ ಹಾಗೆ, ಅದಕ್ಕೊಂದು ತೂಬು ಬೇಕು. ಬ್ಯಾಂಕಿಗೆ ಹೋಗಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಟ್ಟರೆ ಅದೇ ತೂಬು: ಪ್ರತಿ ತಿಂಗಳು 1ನೇ ತಾರೀಖು ಇಂತಿಷ್ಟು ದುಡ್ಡು ತಾನಾಗಿ ಮನೆ ಖಾತೆಗೆ ಹರಿಯುತ್ತದೆ. ಮನೆಗೆ ತಿಂಗಳಿಗೆ 30,000 ಬೇಕು ಎನ್ನಿ, ವರ್ಷಕ್ಕೆ 3,60,000. ಇಷ್ಟನ್ನೂ ಉಳಿತಾಯ ಖಾತೆಯಲ್ಲಿ ಮಲಗಿಸಬೇಡಿ, ದೊಡ್ಡ ಬ್ಯಾಂಕುಗಳಲ್ಲಿ ಅದಕ್ಕೆ ಸಿಗುವ ಬಡ್ಡಿ ತೀರಾ ಕಡಿಮೆ. ಮೂರು ತಿಂಗಳಿಗಾಗುವಷ್ಟು ಕೈಗೆ ಸಿಗುವಂತಿಟ್ಟು, ಉಳಿದದ್ದನ್ನು ಜೂನ್, ಸೆಪ್ಟೆಂಬರ್, ಡಿಸೆಂಬರಿಗೆ ಒಂದೊಂದು ಮುಗಿಯುವ ಹಾಗೆ ತುಂಡು ತುಂಡು ಎಫ್‌ಡಿ ಮಾಡಿ. ತೋಟದವರೂ ತಮಗೆ ತಾವೇ ಸಂಬಳ ಕೊಟ್ಟುಕೊಳ್ಳುವುದು ಎಂದರೆ ಇದೇ. ಹಿರಿಯ ಬೆಳೆಗಾರರೊಬ್ಬರಿಗೆ ಇದನ್ನು ಹೇಳಿದಾಗ "ನನ್ನ ದುಡ್ಡು ನನಗೇ ಕಂತಲ್ಲಿ ಕೊಡ್ತೀಯಾ?" ಎಂದು ಸಿಟ್ಟಾಗಿದ್ದರು. ಅವರ ಹೆಂಡತಿ ಆಗಲಿ ಎಂದರು, ಆಯಿತು.

ಇನ್ನು ಮೂರನೆಯದು ಫೋನಿನ ಖಾತೆ. ಅದರಲ್ಲಿ ಐದಾರು ಸಾವಿರಕ್ಕಿಂತ ಹೆಚ್ಚು ಇರಕೂಡದು. ಮೊಬೈಲ್ ಕಳೆದರೂ, ಯಾರದೋ ಲಿಂಕ್ ಒತ್ತಿ ಮೋಸಹೋದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. (ಮೋಸವಾದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕ್ ಬಾಗಿಲು ತೆಗೆಯಲಿ ಎಂದು ಕಾಯಬೇಡಿ.) ಹೋಮ್‌ಸ್ಟೇ ನಡೆಸುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಶನಿವಾರ ಬಂದು ಭಾನುವಾರ ಹೋಗುವ ಅಪರಿಚಿತರು ಕಳಿಸುವ ದುಡ್ಡು ಎಲ್ಲಿಂದ ಬಂದದ್ದು ಎಂದು ನಿಮಗೇನು ಗೊತ್ತು? ಅದರಲ್ಲಿ ಯಾವುದಾದರೂ ಸೈಬರ್ ವಂಚನೆಯ ದುಡ್ಡಾಗಿದ್ದರೆ, ಎಲ್ಲೋ ದೂರದ ರಾಜ್ಯದಲ್ಲಿ ದಾಖಲಾದ ದೂರಿಗೆ ನಿಮ್ಮ ಖಾತೆಯನ್ನು ತಡೆಹಿಡಿಯಬಹುದು. ಆ ಖಾತೆಯಲ್ಲೇ ಬಟವಾಡೆ ದುಡ್ಡೂ ಇದ್ದರೆ ಆಳುಗಳಿಗೆ ಏನು ಹೇಳುತ್ತೀರಿ?

ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬಹುದಲ್ಲ ಎಂದು ಕೇಳುವವರಿದ್ದಾರೆ. ನನಗೆ ಇಷ್ಟವಿಲ್ಲ. ಸಾಲ ಬಾಕಿ ಬಿದ್ದರೆ ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿರುವ ಠೇವಣಿಯನ್ನು ಸಾಲಕ್ಕೆ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇದೆ. ಬೆಳೆ ಕೈಕೊಟ್ಟ ವರ್ಷ ಅಕ್ಕಿ, ಔಷಧಿಯ ದುಡ್ಡೂ ಸಾಲದ ಜೊತೆ ಜಗ್ಗಾಡಬಾರದು ಎನ್ನುವುದಾದರೆ ಮನೆ ಖಾತೆ ಇನ್ನೊಂದು ಬ್ಯಾಂಕಿನಲ್ಲಿರಲಿ.

ಠೇವಣಿ ವಿಮೆಯ ವಿಷಯವೂ ಇದೆ. ಬ್ಯಾಂಕ್ ಮುಳುಗಿದರೆ, 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ರಕ್ಷಣೆ. ಬೇರೆ ಬೇರೆ ಶಾಖೆಯಲ್ಲಿ ಇಟ್ಟರೂ ಲೆಕ್ಕ ಒಂದೇ. ನಮ್ಮ ಜನ ಇಲ್ಲೇ ಎಡವುತ್ತಾರೆ: ಒಂದು ಸಿಂಡಿಕೇಟ್ ಬ್ಯಾಂಕಿನದು, ಒಂದು ಕೆನರಾದ್ದು ಎಂದು ಇಂದಿಗೂ ಎರಡು ಪಾಸ್‌ಬುಕ್ ಜೋಪಾನ ಮಾಡಿರುತ್ತಾರೆ. 2020ರ ಏಪ್ರಿಲ್ 1ರಿಂದ ಎರಡೂ ಒಂದೇ ಬ್ಯಾಂಕು. ಹಾಗೆಯೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಸೇರಿತು. ಸಹಕಾರಿ ಬ್ಯಾಂಕುಗಳಿಗೆ ಈ ವಿಮೆ ಉಂಟು, ಆದರೆ ಊರಿನ ಪ್ರಾಥಮಿಕ ಕೃಷಿ ಸೊಸೈಟಿಗೆ, ಬ್ಯಾಂಕ್ ಅಲ್ಲದ ಸೌಹಾರ್ದ ಸಂಘಗಳಿಗೆ ಇಲ್ಲ. ಅರ್ಧ, ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಅಲ್ಲಿ ವರ್ಷದ ದುಡ್ಡು ಇಡುವವರು ಇದನ್ನು ತಿಳಿದೇ ಇಡಲಿ.

ಹೆಚ್ಚು ಖಾತೆಗಳಿಂದ ಆಗುವ ಗೊಂದಲ ಮೇಲ್ನೋಟಕ್ಕೆ ಕಾಣುವುದಿಲ್ಲ. ಗೃಹಲಕ್ಷ್ಮಿಯ 2,000 "ಬಂದಿಲ್ಲ" ಎಂದು ಬರುವವರಲ್ಲಿ ಕೆಲವರಿಗೆ ಅದು ಬಂದೇ ಇರುತ್ತದೆ, ಅವರು ನೋಡದ ಖಾತೆಗೆ. ಆಧಾರ್ ಮೂಲಕ ಬರುವ ದುಡ್ಡು ಒಂದು ಸಮಯಕ್ಕೆ ಒಂದೇ ಬ್ಯಾಂಕಿಗೆ ಹೋಗುತ್ತದೆ. ಹೊಸ ಖಾತೆ ತೆರೆಯುವಾಗ ಫಾರ್ಮಿನಲ್ಲಿ ಒಂದು ಟಿಕ್ ಹಾಕಿದರೆ ದಾರಿ ಬದಲಾಗಿರುತ್ತದೆ. ಪಿಎಂ ಕಿಸಾನ್, ಹಾಲಿನ ಪ್ರೋತ್ಸಾಹಧನಕ್ಕೂ ಇದೇ ಕತೆ. ಇನ್ನೊಂದು, ಮೇ ಕೊನೆಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ: ಪ್ರಧಾನಮಂತ್ರಿ ಹೆಸರಿನ ವಿಮೆಗಳಿಗೆ 436 ಮತ್ತು 20 ರೂಪಾಯಿ ಕಡಿತವಾಗಿರುತ್ತದೆ. ಮೂರು ಖಾತೆಯಲ್ಲಿ ನೋಂದಾಯಿಸಿದ್ದರೆ ಮೂರು ಕಡೆಯೂ ಕಡಿತ, ಆದರೆ ಪರಿಹಾರ ಸಿಗುವುದು ಒಂದರಿಂದ ಮಾತ್ರ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಯಾರ ಹೆಸರಿನಲ್ಲಿ? ವರ್ಷದ ಖಾತೆ, ಮನೆ ಖಾತೆ ಎರಡೂ ಗಂಡ-ಹೆಂಡತಿ ಜಂಟಿಯಾಗಿ, "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಎಂಬ ಷರತ್ತಿನಲ್ಲಿ. ಯಜಮಾನರು ಹೋದ ಮೇಲೆ ಎಫ್‌ಡಿ ಬಿಡಿಸಲು ದಾಖಲೆ ಹೊತ್ತು ಬ್ಯಾಂಕಿಗೆ ಅಲೆಯುವ ಹೆಂಗಸರನ್ನು ಬಹಳ ನೋಡಿದ್ದೇನೆ. ಇದರ ಜೊತೆಗೆ ಆಕೆಗೆ ತನ್ನದೇ ಒಂದು ಖಾತೆ ಇರಲಿ, ಗೃಹಲಕ್ಷ್ಮಿ ಅದಕ್ಕೇ ಬರಲಿ, ಅದರ ಲೆಕ್ಕ ಯಾರೂ ಕೇಳದಿರಲಿ. ನಾನು ಹೇಳುವ ಮೂರರಲ್ಲಿ ಅದು ಸೇರಿಲ್ಲ. ಸೇರಿಸಲೂ ಬಾರದು.

ಮಿಕ್ಕ ಹಳೇ ಖಾತೆಗಳನ್ನು ಸುಮ್ಮನೆ ಬಿಡಬೇಡಿ, ಮುಚ್ಚಿ. ಎರಡು ವರ್ಷ ನೀವು ಮುಟ್ಟದಿದ್ದರೆ ಖಾತೆ ನಿಷ್ಕ್ರಿಯ. ಹತ್ತು ವರ್ಷವಾದರೆ ಅದರಲ್ಲಿನ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾಪಸ್ ಪಡೆಯಬಹುದು, ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ, ಬ್ಯಾಂಕಿಗೆ ಅರ್ಜಿ ಕೊಟ್ಟು. ಆದರೆ ಆ ಓಡಾಟ ಯಾಕೆ ಬೇಕು? ಮುಚ್ಚುವ ಮುನ್ನ ಎಲ್‌ಐಸಿ, ಗ್ಯಾಸ್ ಸಬ್ಸಿಡಿ, ಕಂತು ಏನಾದರೂ ಅದಕ್ಕೆ ಜೋಡಣೆಯಾಗಿದೆಯಾ ನೋಡಿಕೊಳ್ಳಿ. ಹಿಂದಿನ ಎರಡು-ಮೂರು ವರ್ಷದ ಸ್ಟೇಟ್‌ಮೆಂಟ್ ಇಳಿಸಿ ಇಟ್ಟುಕೊಳ್ಳಿ, ಖಾತೆ ಮುಚ್ಚಿದ ಮೇಲೆ ನೆಟ್ ಬ್ಯಾಂಕಿಂಗ್ ತೆರೆಯುವುದಿಲ್ಲ. ಉಳಿದ ಚೆಕ್ ಹಾಳೆ, ಎಟಿಎಂ ಕಾರ್ಡ್ ಒಪ್ಪಿಸಿ, ಮುಚ್ಚಿದ್ದಕ್ಕೆ ಸೀಲ್ ಹಾಕಿದ ಒಂದು ಕಾಗದ ಕೇಳಿ ತೆಗೆದುಕೊಂಡು ಬನ್ನಿ.