ಯಾವ ಪೊರೆ ನೋಡಿದ್ದು ಅಂತ ಮೊದಲು ಕೇಳಿ

ನಮ್ಮ ಲ್ಯಾಬಿನಲ್ಲಿ ನನ್ನ ಕೆಲಸ ಸಣ್ಣ ರಕ್ತನಾಳಗಳ ವಿಡಿಯೋ ತೆಗೆಯುವುದು. ಅವುಗಳಲ್ಲೇ ಅತಿ ಸಣ್ಣದಾದ ಲೋಮನಾಳದ (ಕ್ಯಾಪಿಲರಿ) ಅಗಲ ಹೆಚ್ಚುಕಡಿಮೆ 5ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಕೆಂಪು ರಕ್ತಕಣದ್ದು 7ರಿಂದ 8. ಹಾಗಾಗಿ ಇಕ್ಕಟ್ಟಾದ ಕಡೆ ಕಣಗಳು ಮೈ ಮಡಚಿಕೊಂಡು ಒಂದರ ಹಿಂದೆ ಒಂದು ನುಸುಳುತ್ತವೆ. ಎಷ್ಟು ಸಲ ನೋಡಿದರೂ ನನಗಂತೂ ಬೇಜಾರಾಗಿಲ್ಲ.

ಈಚೆಗೆ ಇಬ್ಬರು ಸಹೋದ್ಯೋಗಿಗಳಿಗೆ ಜಗಳ. ಲೋಮನಾಳ ಶುರುವಾಗುವ ಜಾಗದಲ್ಲಿ ಅದರ ಬಾಯಿ ಬಿಗಿಯುವ ಸ್ನಾಯುವಿನ ಉಂಗುರ ಇರುತ್ತೆ ಅಂತ ಪಠ್ಯಪುಸ್ತಕದ ಚಿತ್ರ ಹೇಳುತ್ತದೆ. ಒಬ್ಬರಿಗೆ ಅದು ಕಾಣುತ್ತದೆ, ಇನ್ನೊಬ್ಬರಿಗೆ ಎಷ್ಟು ಹುಡುಕಿದರೂ ಇಲ್ಲ. "ನಿಮ್ಮ ಫೋಕಸ್ ಸರಿ ಇಲ್ಲ" ಅಂತ ಇವರು, "ನೀವು ಚಿತ್ರ ನೋಡಿ ಊಹಿಸಿಕೊಳ್ತಿದ್ದೀರಿ" ಅಂತ ಅವರು. ಇಬ್ಬರ ವಿಡಿಯೋ ತರಿಸಿ ನೋಡಿದೆ. ಉಂಗುರ ಕಂಡವರು ನೋಡುತ್ತಿದ್ದದ್ದು ಇಲಿಯ ಕರುಳಿಗೆ ಅಂಟಿಕೊಂಡ ತೆಳು ಪೊರೆ, ಕಾಣದವರದು ಸ್ನಾಯು. ಅಷ್ಟೇ ವಿಷಯ!

ಆ ಪಠ್ಯಪುಸ್ತಕದ ಚಿತ್ರಕ್ಕೆ ಮೂಲವೇ ಆ ಪೊರೆ. ಅಮೆರಿಕದ ಶರೀರಶಾಸ್ತ್ರಜ್ಞ ಬೆಂಜಮಿನ್ ಜ್ವೈಫಾಕ್ ಅದನ್ನು ನೋಡಿ ವಿವರಿಸಿದ್ದು, ಆಮೇಲೆ ಎಲ್ಲ ಅಂಗಕ್ಕೂ ಅದೇ ನಕ್ಷೆ ಅಂದುಕೊಂಡು ಪುಸ್ತಕಗಳು ಸುಮ್ನೆ ಅಚ್ಚುಹಾಕುತ್ತಾ ಬಂದವು. ಸ್ನಾಯುವಿನಲ್ಲಿ ರಕ್ತದ ಹರಿವಿನ ಹಿಡಿತ ಬಹುಪಾಲು ಇರುವುದು ಲೋಮನಾಳಕ್ಕೆ ರಕ್ತ ತರುವ ಕಿರು ಧಮನಿಗಳ ಕೈಯಲ್ಲಿ.

ಒಬ್ಬೊಬ್ಬರು ಒಂದೊಂದು ಕಡೆ ನೋಡುವ ಈ ತಲೆನೋವು ಹಳೇದು. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ಲೋಮನಾಳ ಕಂಡದ್ದು ಕಪ್ಪೆಯ ಶ್ವಾಸಕೋಶದಲ್ಲಿ. 20ನೇ ಶತಮಾನದ ನಡುವಿನ ಹೊತ್ತಿಗೆ ಒಬ್ಬೊಬ್ಬ ಸಂಶೋಧಕರಿಗೂ ಒಂದೊಂದು ಪ್ರಾಣಿ: ಜ್ವೈಫಾಕ್‌ಗೆ ಇಲಿ, ಫುಲ್ಟನ್ ಮತ್ತು ಲುಟ್ಜ್‌ಗೆ ಹ್ಯಾಮ್‌ಸ್ಟರ್‌ನ ಕೆನ್ನೆಚೀಲ, ನಿಕೋಲ್ ಮತ್ತು ವೆಬ್‌ಗೆ ಬಾವಲಿಯ ರೆಕ್ಕೆ. ರೆಕ್ಕೆಯದು ಒಂದು ದೊಡ್ಡ ಲಾಭ ಏನಂದರೆ ಕತ್ತರಿಸಬೇಕಿಲ್ಲ, ಅರಿವಳಿಕೆಯೂ ಬೇಡ, ಬೆಳಕು ಬಿಟ್ಟು ನೋಡಿದರೆ ಸಾಕು. ಇಂಥ ಜನರೆಲ್ಲ ಸೇರಿದ ಮೊದಲ ಸಮ್ಮೇಳನ ನಡೆದದ್ದು 1954ರಲ್ಲಿ, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ. ಸಣ್ಣ ನಾಳಗಳ ಸಂಶೋಧಕರ ಸಂಘವಾದ ಅಮೆರಿಕದ ಮೈಕ್ರೋಸರ್ಕ್ಯುಲೇಟರಿ ಸೊಸೈಟಿಯ ಬೇರು ಅಲ್ಲಿದೆ. ಬ್ರಿಟನ್ನಿನವರು 1963ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಹೃದಯದವರಿಗೆ ಹೃದಯ ಇದೆ, ಮೂತ್ರಪಿಂಡದವರಿಗೆ ಮೂತ್ರಪಿಂಡ ಇದೆ. ಸಣ್ಣ ನಾಳ ಎಲ್ಲ ಅಂಗದಲ್ಲೂ ಇರುವುದರಿಂದ ಅದನ್ನು ನೋಡುವವರಿಗೆ ಸ್ವಂತದ ಮನೆಯೇ ಇರಲಿಲ್ಲ, ಅಲ್ವಾ? ಸಂಘ ಬೇಕಾದದ್ದು ಅದಕ್ಕೇ ಅನ್ನುವುದು ನನ್ನ ಅನಿಸಿಕೆ.

ಈಗ ನಮ್ಮಲ್ಲಿ ಪ್ರತಿ ವಿಡಿಯೋ ಜೊತೆ ಪ್ರಾಣಿ, ಅಂಗ, ಅರಿವಳಿಕೆ, ಸೆಲೈನ್‌ನ ಬಿಸಿ ಎಲ್ಲ ಬರೆದೇ ಇಡಬೇಕು. ಪ್ರಾಣಿಯನ್ನು ಕುಯ್ದು ಅಂಗ ಹೊರತೆಗೆದು ಎಷ್ಟು ನಿಮಿಷ ಆಯಿತು ಅನ್ನುವುದನ್ನೂ ಸೇರಿಸಿದ್ದೇನೆ. ಯಾಕಂದರೆ ಬರೀ ಕುಯ್ದದ್ದಕ್ಕೇ ಸ್ವಲ್ಪ ಹೊತ್ತಿನಲ್ಲಿ ಬಿಳಿ ರಕ್ತಕಣಗಳು ಸಣ್ಣ ಅಭಿಧಮನಿಗಳ ಗೋಡೆಗೆ ತಾಗಿಕೊಂಡು ಉರುಳಲು ಶುರುಮಾಡುತ್ತವೆ, ಅದನ್ನು ಔಷಧದ ಪರಿಣಾಮ ಅಂದುಕೊಳ್ಳುವುದು ಬಹಳ ಸುಲಭ. ಜಗಳವಾಡಿದ ಇಬ್ಬರೂ ಈಗ ಒಂದೇ ಪ್ರಾಣಿಯಲ್ಲಿ ಪೊರೆ, ಸ್ನಾಯು ಎರಡನ್ನೂ ನೋಡುತ್ತಿದ್ದಾರೆ. ಫೋಕಸ್ ಬಗ್ಗೆ ಮಾತ್ರ ಇನ್ನೂ ರಾಜಿ ಆಗಿಲ್ಲ.